ಊರು ಕರ್ನಾಟಕ, ದುಡಿಮೆ ಗೋವಾ: ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಎಲ್ಲಿ ಹಾಕಬೇಕು?

ಮಡಗಾಂವ್, ವಾಸ್ಕೋ, ಮಾಪುಸಾ ಕಡೆ ಅಂಗಡಿ ಇಟ್ಟುಕೊಂಡವರು, ಕೆಲಸಕ್ಕೆ ಇರುವವರು ನಮ್ಮಲ್ಲಿ ಅನೇಕರಿದ್ದಾರೆ. ಮನೆ, ಆಧಾರ್, ಬ್ಯಾಂಕ್ ಖಾತೆ ಎಲ್ಲ ಊರಲ್ಲಿ, ದುಡಿಮೆ ಗೋವಾದಲ್ಲಿ. ಹಾಗಾಗಿ ನನ್ನಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ರಿಟರ್ನ್ ಎರಡು ಕಡೆ ಹಾಕಬೇಕಾ?"

ಬೇಡ. ಆದಾಯ ತೆರಿಗೆ ಕೇಂದ್ರ ಸರಕಾರದ್ದು, ರಾಜ್ಯದ್ದಲ್ಲ. ಒಂದು ಪ್ಯಾನ್, ವರ್ಷಕ್ಕೆ ಒಂದೇ ರಿಟರ್ನ್. ಆರು ತಿಂಗಳು ಮಂಗಳೂರಿನಲ್ಲಿ, ಆರು ತಿಂಗಳು ಗೋವಾದಲ್ಲಿ ಸಂಬಳ ಪಡೆದಿದ್ದರೆ ಎರಡೂ ಫಾರಂ 16 ತೆಗೆದುಕೊಂಡು ಒಟ್ಟು ಸೇರಿಸಿ ತೋರಿಸಬೇಕು. ಒಂದನ್ನು ಬಿಟ್ಟರೂ ಇಲಾಖೆಯ ಎಐಎಸ್ ಪಟ್ಟಿಯಲ್ಲಿ ಅದು ಕಾಣುತ್ತದೆ, ನಂತರ ನೋಟಿಸ್ ಬರುತ್ತದೆ. ತಡವಾದರೆ 5,000 ರೂ.ವರೆಗೆ ಶುಲ್ಕವೂ ಉಂಟು.

ವೃತ್ತಿ ತೆರಿಗೆ ಮಾತ್ರ ರಾಜ್ಯದ ವಿಷಯ. ಕರ್ನಾಟಕದಲ್ಲಿ ತಿಂಗಳಿಗೆ 25 ಸಾವಿರ ಮತ್ತು ಅದಕ್ಕಿಂತ ಮೇಲಿನ ಸಂಬಳಕ್ಕೆ ವರ್ಷಕ್ಕೆ 2,500 ರೂ. ಹಿಡಿಯುತ್ತಾರೆ. ಗೋವಾದಲ್ಲಿ ಈ ತೆರಿಗೆಯೇ ಇಲ್ಲ.

ವ್ಯಾಪಾರಿಗಳು ಜಿಎಸ್‌ಟಿಯನ್ನು ಇದರ ಜೊತೆ ಬೆರೆಸಬಾರದು. ಅದು ರಾಜ್ಯವಾರು ನೋಂದಣಿ. ಕರ್ನಾಟಕದ ನಂಬರ್ 29ರಿಂದ, ಗೋವಾದ್ದು 30ರಿಂದ ಶುರುವಾಗುತ್ತದೆ. ಎರಡೂ ಕಡೆ ನೋಂದಣಿ ಇದ್ದರೆ, ಮಂಗಳೂರಿನ ನಮ್ಮದೇ ಅಂಗಡಿಯಿಂದ ಗೋವಾದ ನಮ್ಮದೇ ಅಂಗಡಿಗೆ ತೆರಿಗೆ ಇರುವ ಮಾಲು ಕಳಿಸಿದರೂ ಬಿಲ್ ಮಾಡಿ ಐಜಿಎಸ್‌ಟಿ ಹಾಕಬೇಕು. ಆದರೆ ಇನ್‌ಕಮ್ ಟ್ಯಾಕ್ಸ್‌ಗೆ ಬಂದಾಗ ಎರಡೂ ಅಂಗಡಿಯ ಲಾಭ ಒಂದೇ ರಿಟರ್ನ್‌ನಲ್ಲಿ.

ಇನ್ನು ನಾನೇ ಮಾಡಿದ ತಪ್ಪು. ಬಿ.ಕಾಂ. ಓದಿದ್ದೇನೆ ಎಂಬ ಧೈರ್ಯದಲ್ಲಿ ಮೊದಲ ವರ್ಷ ಫಾರಂ ನಾನೇ ತುಂಬಿಸಿದೆ. "ನೀವು ಪೋರ್ಚುಗೀಸ್ ಸಿವಿಲ್ ಕೋಡ್‌ಗೆ ಒಳಪಟ್ಟಿದ್ದೀರಾ?" ಎಂಬ ಪ್ರಶ್ನೆ ಬಂತು. ಅಂಗಡಿ ಗೋವಾದಲ್ಲಿ ಉಂಟಲ್ಲ ಎಂದು "ಹೌದು" ಒತ್ತಿದೆ. ಅಂಗಡಿಯ ಅರ್ಧ ಲಾಭ ಹೆಂಡತಿಯ ಹೆಸರಿಗೆ ಹೋಯಿತು, ನನ್ನ ತೆರಿಗೆ ಕಡಿಮೆಯಾಯಿತು. ಖುಷಿಯೋ ಖುಷಿ! ಆಡಿಟರ್ ನೋಡಿ ತಲೆ ಚಚ್ಚಿಕೊಂಡರು. ಪರಿಷ್ಕೃತ ರಿಟರ್ನ್ ಹಾಕಿ, ಬಾಕಿ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಬೇಕಾಯಿತು.

ವಿಷಯ ಏನೆಂದರೆ, ಗೋವಾದ ಹಳೆಯ ಸಿವಿಲ್ ಕಾನೂನಿನಡಿ ಗಂಡ-ಹೆಂಡತಿಯ ಆಸ್ತಿ ಜಂಟಿ. ಆದ್ದರಿಂದ 1961ರ ಆದಾಯ ತೆರಿಗೆ ಕಾಯ್ದೆಯ 5ಎ ಕಲಂ ಪ್ರಕಾರ ಸಂಬಳ ಬಿಟ್ಟು ಉಳಿದ ಆದಾಯ ಇಬ್ಬರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಇದು ಆ ಕಾನೂನಿಗೆ ಒಳಪಟ್ಟ ಗೋವಾದ ದಂಪತಿಗೆ, ಯಾವ ಧರ್ಮದವರಾದರೂ ಸರಿ. ಊರಲ್ಲಿ ನಿಕಾಹ್ ಆಗಿ, ವ್ಯಾಪಾರಕ್ಕೆ ಮಾತ್ರ ಅಲ್ಲಿಗೆ ಹೋದವರಿಗೆ ಬಾಡಿಗೆ ಚೀಟಿಯಿಂದ ಇದು ಸಿಗುವುದಿಲ್ಲ. ಗೋವಾದಲ್ಲೇ ಮದುವೆ ನೋಂದಣಿ ಆಗಿದ್ದರೆ ಆಡಿಟರ್ ಹತ್ತಿರ ಕೇಳಿಯೇ ಮುಂದುವರಿಯಿರಿ.

ಕೊನೆಗೆ, ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಈಗಿನ ಮೊಬೈಲ್ ನಂಬರ್, ಇಮೇಲ್, ವಿಳಾಸ ಸರಿ ಉಂಟಾ ನೋಡಿ. ನೋಟಿಸ್ ಹಳೆಯ ಇಮೇಲಿಗೆ ಹೋಗಿ ಬಿದ್ದರೆ, "ನನಗೆ ಗೊತ್ತೇ ಇರಲಿಲ್ಲ" ಎಂದರೆ ಯಾರೂ ಕೇಳುವುದಿಲ್ಲ.