ಬೆನ್ನಿನ ಸ್ಕ್ರೂಗೆ ದಾರಿ ತೋರುವ ಕಂಪ್ಯೂಟರ್

ನಂದೇಶ್ವರ: ಬೈಕಿನಿಂದ ಬಿದ್ದೋ ಮರದಿಂದ ಜಾರಿಯೋ ಬೆನ್ನು ಮುರಿದುಕೊಂಡವರನ್ನು ಈ ಭಾಗದಿಂದ ಸೊಲ್ಲಾಪುರಕ್ಕೆ, ಮಿರಜಕ್ಕೆ, ಇಲ್ಲವೆ ವಿಜಯಪುರಕ್ಕೆ ಒಯ್ಯುತ್ತಾರೆ. ಅಲ್ಲಿ ಡಾಕ್ಟರು 'ಸ್ಕ್ರೂ ಹಾಕಬೇಕು' ಎಂದರೆ ಸಾಕು, ಮನೆಯವರು ಕೇಳುವ ಮೊದಲ ಪ್ರಶ್ನೆ: ಕಾಲಿನ ಶಕ್ತಿ ಹೋದರೆ?

ಹೆದರಿಕೆಗೆ ಕಾರಣವಿಲ್ಲದೆ ಇಲ್ಲ. ಬೆನ್ನೆಲುಬಿನ ಪ್ರತಿ ಮಣಿಗೂ (ಮರಾಠಿಯಲ್ಲಿ ಮಣಕಾ) ಮುಂದೆ ದಪ್ಪನೆಯ ದುಂಡು ಭಾಗ, ಹಿಂದೆ ಕಮಾನು. ಇವೆರಡನ್ನು ಕೂಡಿಸಲು ಎಡಬಲಕ್ಕೆ ಒಂದೊಂದು ಎಲುಬಿನ ಸೇತುವೆ ಇದೆ. ಇದೇ ಪೆಡಿಕಲ್. ಸ್ಕ್ರೂ ಹಿಂದಿನಿಂದ ಇದರೊಳಗೇ ಹಾದು ಮುಂದಿನ ಭಾಗವನ್ನು ಕಚ್ಚಿ ಹಿಡಿಯಬೇಕು. ಪಕ್ಕದಲ್ಲೇ ಬೆನ್ನುಹುರಿ, ಅಂದರೆ ಮಜ್ಜಾರಜ್ಜು. ಸೊಂಟದಲ್ಲಿ ಸೇತುವೆ ಅಗಲವಾಗಿರುತ್ತದೆ. ಎದೆಯ ಮಟ್ಟದಲ್ಲಿ ಕೆಲವರಿಗೆ 4-5 ಮಿ.ಮೀ. ಮಾತ್ರ. ಮಂಗಳವೇಢೆಯ ಒಂದು ಜೋಳದ ಕಾಳಿನಷ್ಟು ಎನ್ನಿ!

ಹಲವು ಕಡೆ ಇಂದಿಗೂ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ನೋಡುತ್ತ ಸ್ಕ್ರೂ ಕೂರಿಸುತ್ತಾರೆ. ಪಳಗಿದ ಕೈಗೆ ಬಹಳಷ್ಟು ಸಲ ಅಷ್ಟೇ ಸಾಕು. ಆದರೆ ಅದು ತೋರಿಸುವುದು ಚಪ್ಪಟೆ ಚಿತ್ರ. ನ್ಯಾವಿಗೇಶನ್‌ನಲ್ಲಿ ಹಾಗಲ್ಲ. ಸಿಟಿ ಸ್ಕ್ಯಾನ್‌ನಂಥ ಮೂರು ಆಯಾಮದ ಚಿತ್ರ ಕಂಪ್ಯೂಟರಿಗೆ ಹೋಗುತ್ತದೆ. ರೋಗಿಯ ಎಲುಬಿಗೆ ಒಂದು ಸಣ್ಣ ಚೌಕಟ್ಟು ಬಿಗಿಯುತ್ತಾರೆ. ಅದರ ಮೇಲೂ ಡಾಕ್ಟರ ಉಪಕರಣದ ಮೇಲೂ ಹೊಳೆಯುವ ಗುಂಡುಗಳಿರುತ್ತವೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಕ್ಯಾಮೆರಾ ಅವನ್ನು ಹಿಂಬಾಲಿಸುತ್ತದೆ. ಉಪಕರಣದ ತುದಿ ಎಲುಬಿನ ಎಲ್ಲಿದೆ, ಯಾವ ಕಡೆ ಹೊರಟಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ.

ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನೆಯುವಂಥದು. ಬೆನ್ನು ಸೊಟ್ಟಗಾದ 33 ರೋಗಿಗಳ ಎದೆಮಟ್ಟದ ಮಣಿಗಳಲ್ಲಿ ಎಕ್ಸ್‌ರೇ ನೋಡಿ ಹಾಕಿದ 236 ಸ್ಕ್ರೂಗಳ ಪೈಕಿ 54 ಪೆಡಿಕಲ್ ಗೋಡೆ ದಾಟಿದ್ದವು. ನ್ಯಾವಿಗೇಶನ್‌ನಿಂದ ಹಾಕಿದ 242ರಲ್ಲಿ ದಾಟಿದ್ದು 5 ಮಾತ್ರ. ಇವು ಕಠಿಣ ಬೆನ್ನುಗಳು; ಸೊಂಟದ ಸಾಮಾನ್ಯ ಆಪರೇಶನ್‌ಗೆ ಇದೇ ಲೆಕ್ಕ ಹಿಡಿಯಬಾರದು. ಗೋಡೆ ಒಂದೆರಡು ಮಿ.ಮೀ. ದಾಟಿದ ಸ್ಕ್ರೂ ಬಹುಪಾಲು ತೊಂದರೆ ಕೊಡುವುದಿಲ್ಲ.

ಹಾಗೆಂದು ಕಂಪ್ಯೂಟರೇ ಆಪರೇಶನ್ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೈ ಡಾಕ್ಟರದೇ. ಪರದೆಯಲ್ಲಿರುವುದು ಮೊದಲೇ ತೆಗೆದ ಚಿತ್ರ. ನಡುವೆ ಯಾರದಾದರೂ ಮೊಳಕೈ ತಾಗಿ ಚೌಕಟ್ಟು ಅಲುಗಿದರೆ ಪರದೆ ತಪ್ಪು ಜಾಗ ತೋರಿಸುತ್ತದೆ, ಅದೂ ಅಷ್ಟೇ ಧೈರ್ಯದಿಂದ! ಅದಕ್ಕೇ ಗೊತ್ತಿರುವ ಎಲುಬಿನ ತುದಿಯನ್ನು ಮುಟ್ಟಿ ಆಗಾಗ ತಾಳೆ ನೋಡುತ್ತಾರೆ.

ಇನ್ನೊಂದು ಮಾತು. ಬೆನ್ನುನೋವೆಲ್ಲಕ್ಕೂ ಸ್ಕ್ರೂ ಬೇಕಿಲ್ಲ. ಮಣಿ ಮುರಿದು ಅಲುಗಾಡುತ್ತಿದ್ದರೆ, ಜಾರಿದ್ದರೆ, ಕ್ಷಯ ತಗಲಿ ಕುಸಿದಿದ್ದರೆ ಆ ಮಾತು ಬರುತ್ತದೆ. ಸ್ಕ್ರೂ ಏಕೆ ಬೇಕು, ನ್ಯಾವಿಗೇಶನ್‌ಗೆ ಬೇರೆ ಬಿಲ್ಲು ಇದೆಯೇ, ಸರ್ಕಾರಿ ಯೋಜನೆಯಲ್ಲಿ ಸೇರುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ. ಥಿಯೇಟರಿನಲ್ಲೇ ಸ್ಕ್ಯಾನ್ ತೆಗೆಯುವ ಯಂತ್ರ ಇದೆಯೇ ಎಂದೂ ಕೇಳಬಹುದು. ಇದ್ದರೆ, ಸ್ಕ್ರೂ ಓರೆಯಾಗಿದ್ದು ಹೊಲಿಗೆ ಹಾಕುವ ಮೊದಲೇ ಕಂಡು, ಅದೇ ಟೇಬಲ್ ಮೇಲೆ ತೆಗೆದು ಸರಿಯಾಗಿ ಕೂರಿಸಬಹುದು.