ಹಿಮ್ಮಡಿಯೊಳಗೆ ಹಾಯುವ ಶಬ್ದ

ನಡೆಯುವಾಗ ನೆಲದ ಪೆಟ್ಟು ಮೊದಲು ತಾಗುವುದು ಹಿಮ್ಮಡಿ ಮೂಳೆಗೆ. ಪಾದದ ಮೂಳೆಗಳಲ್ಲೆಲ್ಲ ಇದೇ ದೊಡ್ಡದು. ಇಷ್ಟು ಹೊರುವ ಮೂಳೆ ಒಳಗೂ ಕಲ್ಲಿನಂತಿರಬೇಕು ಅನ್ನಿಸುವುದು ಸಹಜ. ಉದ್ದುದ್ದ ಕೊಯ್ದು ನೋಡಿದರೆ ಕಾಣುವುದೇ ಬೇರೆ: ಮೇಲೊಂದು ತೆಳುವಾದ ಚಿಪ್ಪು, ಒಳಗೆ ಒಣಗಿದ ಹೀರೆಕಾಯಿಯ ನಾರಿನಂಥ ಜಾಲ, ಸಂದುಗಳಲ್ಲಿ ಮಜ್ಜೆ. ಮೂಳೆಯ ಗಾತ್ರದಲ್ಲಿ ಸುಮಾರು ಶೇ. 90ರಷ್ಟು ಈ ಜಾಲದ್ದೇ.

ಎಳೆಗಳು ಮನಬಂದಂತೆ ಹೆಣೆದುಕೊಂಡಿಲ್ಲ. ಒಂದು ಕಟ್ಟು ಕಣಕಾಲಿನ ಕೀಲಿನಿಂದ ಹಿಮ್ಮಡಿಯ ತುದಿಗೆ ಇಳಿಯುತ್ತದೆ. ಮೈಭಾರ ಒತ್ತುವ ದಾರಿ ಅದು. ಇನ್ನೊಂದು ಕಟ್ಟು ಹಿಂಬದಿಯಿಂದ ಅಂಗಾಲಿನತ್ತ ಬಾಗುತ್ತದೆ. ಮೀನಖಂಡದ ಸ್ನಾಯುಗಳ ಎಳೆತವನ್ನು ತಡೆಯುವುದು ಅದರ ಕೆಲಸ. ಭಾರ ಬೀಳುವ ರೀತಿಗೆ ತಕ್ಕಂತೆ ಮೂಳೆ ತನ್ನ ಕಟ್ಟಡವನ್ನು ತಿದ್ದಿಕೊಳ್ಳುತ್ತದೆ ಎಂದು ಜರ್ಮನಿಯ ವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. 1970ರ ದಶಕದಲ್ಲಿ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣದಲ್ಲಿ ವಾರಗಟ್ಟಲೆ ಭಾರವಿಲ್ಲದೆ ತೇಲಿ ಬಂದ ಕೆಲವು ಗಗನಯಾತ್ರಿಗಳ ಹಿಮ್ಮಡಿ ಮೂಳೆ ಖನಿಜ ಕಳೆದುಕೊಂಡಿತ್ತು. ಮೈಭಾರ ಹೊರದ ಮುಂಗೈ ಮೂಳೆ ಹಾಗೇ ಇತ್ತು.

ಎಳೆಗಳು ಸವೆದಾಗ ಆಗುವ ನಷ್ಟ ಸವೆತಕ್ಕಿಂತ ದೊಡ್ಡದು. ಜಾಲದ ಬಲ ಹೆಚ್ಚುಕಡಿಮೆ ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಸಾಂದ್ರತೆ ಅರ್ಧಕ್ಕಿಳಿದರೆ ಬಲ ಕಾಲು ಭಾಗಕ್ಕೆ ಕುಸಿಯುತ್ತದೆ. ತೆಳ್ಳಗಾದ ಎಳೆ ಭಾರಕ್ಕೆ ಬಾಗಿ ಮುರಿಯುತ್ತದೆ. ಅಡ್ಡ ಎಳೆ ಕಡಿದುಹೋದರೆ ನಿಂತ ಎಳೆಗೆ ಆಸರೆಯೂ ಇಲ್ಲ.

ಈ ಸವೆತವನ್ನು ಶಬ್ದದಿಂದ ಅಳೆಯುವ ದಾರಿಯನ್ನು 1984ರಲ್ಲಿ ಇಂಗ್ಲೆಂಡಿನ ಸಂಶೋಧಕ ಲ್ಯಾಂಗ್ಟನ್ ಮತ್ತು ಸಂಗಡಿಗರು ತೋರಿಸಿದರು. ಹಿಮ್ಮಡಿಯ ಎರಡು ಪಕ್ಕಗಳು ಬಹುಮಟ್ಟಿಗೆ ಚಪ್ಪಟೆ, ಮೇಲೆ ಮಾಂಸ ಕಡಿಮೆ. ಜೆಲ್ ಸವರಿ ಒಂದು ಪಕ್ಕದಿಂದ ಸುಮಾರು 200ರಿಂದ 600 ಕಿಲೋಹರ್ಟ್ಸ್ ಅಲ್ಟ್ರಾಸೌಂಡ್ ಅಲೆಗಳನ್ನು ಕಳಿಸಿ ಇನ್ನೊಂದು ಪಕ್ಕದಲ್ಲಿ ಹಿಡಿಯುತ್ತಾರೆ. ಎಕ್ಸ್‌ರೇ ಇಲ್ಲ, ನೋವಿಲ್ಲ. ಸೊಗಸಿರುವುದು ಲೆಕ್ಕದಲ್ಲಿ. ದಟ್ಟವಾದ ಜಾಲದಲ್ಲಿ ಶಬ್ದ ಬೇಗ ಸಾಗುತ್ತದೆ, ಆದರೆ ಏರು ಕಂಪನಾಂಕದ ಅಲೆಗಳು ಬಹಳಷ್ಟು ನಂದಿಹೋಗುತ್ತವೆ. ಸವೆದ ಮೂಳೆಯಲ್ಲಿ ವೇಗ ಕಡಿಮೆ. ಏರು ಅಲೆಗಳು ಮಾತ್ರ ಅಷ್ಟಾಗಿ ಕುಂದದೆ ಆಚೆ ಬರುತ್ತವೆ. ಈ ಎರಡನ್ನೂ ಕೂಡಿಸಿ ಯಂತ್ರ ಒಂದು ಅಂಕ ಕೊಡುತ್ತದೆ.

ಆ ಅಂಕಕ್ಕೆ ಬೆಲೆಯಿದೆ. ಫ್ರಾನ್ಸಿನಲ್ಲಿ 5,600ಕ್ಕೂ ಹೆಚ್ಚು ವೃದ್ಧೆಯರನ್ನು ಪರೀಕ್ಷಿಸಿದ ಅಧ್ಯಯನ, ಹಿಮ್ಮಡಿಯ ಅಲ್ಟ್ರಾಸೌಂಡ್ ಸೊಂಟದ ಮೂಳೆ ಮುರಿತದ ಅಪಾಯವನ್ನು ಮುಂಚಿತವಾಗಿ ಸೂಚಿಸುತ್ತದೆಂದು 1996ರಲ್ಲಿ ತೋರಿಸಿತು. ನನಗೆ ಕಳವಳ ತರುವುದು ಉಚಿತ ತಪಾಸಣಾ ಶಿಬಿರಗಳಲ್ಲಿ ಈ ಅಂಕ ಬರೆದು ಕೊಡುವ ಚೀಟಿ. ಟಿ-ಸ್ಕೋರ್ ಅಂದರೆ ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿದ ಅಂಕ; ಅದು ಮೈನಸ್ 2.5 ಎಂಬ ಗಡಿಯನ್ನು ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಎಂಬ ಎಕ್ಸ್‌ರೇ ಸ್ಕ್ಯಾನಿಗಾಗಿ ಗೊತ್ತುಮಾಡಿದ್ದು. ಹಿಮ್ಮಡಿ ಯಂತ್ರದ ಅಂಕಕ್ಕೆ ಅದನ್ನು ನೇರವಾಗಿ ಹಚ್ಚಿ ಮೂಳೆ ಸವೆತವೆಂದು ತೀರ್ಮಾನಿಸುವುದು ತಪ್ಪು. ಪಾದ ತುಸು ಸರಿದು ಕೂತರೂ, ಕಾಲು ಊದಿದ್ದರೂ ಅಂಕ ಬದಲಾಗುತ್ತದೆ. ಹಾಗೆಂದು ಚೀಟಿಯನ್ನು ಎಸೆಯಬೇಡಿ. ಡಾಕ್ಟರಿಗೆ ತೋರಿಸಿ, ಡೆಕ್ಸಾ ಬೇಕೇ ಎಂದು ಕೇಳಿ. ಸಣ್ಣದಾಗಿ ಬಿದ್ದು ಮೂಳೆ ಮುರಿದದ್ದಿದ್ದರೆ, ಮುಟ್ಟು ಬೇಗ ನಿಂತಿದ್ದರೆ, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಆಗಲೇ ಹೇಳಿ.