ತರಗತಿಯಲ್ಲಿ ಹಾಜರು, ಗಣಕಯಂತ್ರದಲ್ಲಿ ಗೈರು!

ಕಾಡಂಚಿನ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ 61 ಮಕ್ಕಳಿದ್ದಾರೆ, ಆದರೆ ಅಂತರ್ಜಾಲದ ದಾಖಲೆಯಲ್ಲಿ 60 ಎಂದಿದೆ ಎಂದಿಟ್ಟುಕೊಳ್ಳೋಣ. ಒಂದು ಮಗುವಿನ ವ್ಯತ್ಯಾಸದಿಂದ ಏನಾದೀತು ಎಂದು ಕೇಳಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಒಂದರಿಂದ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 61ರಿಂದ 90ರವರೆಗೆ ಮೂವರು. ಬಿಟ್ಟುಹೋದ ಒಂದು ಹೆಸರಿನೊಡನೆ ಒಬ್ಬ ಶಿಕ್ಷಕರ ಹುದ್ದೆಯೇ ಕೈತಪ್ಪಬಹುದು.

ಶಾಲೆಗಳ ಅಂಕಿಅಂಶಗಳನ್ನು ಗಣಕೀಕರಿಸುವ ಕೆಲಸ ಹೊಸದೇನಲ್ಲ. ‘ಡೈಸ್’ ವ್ಯವಸ್ಥೆ ಆರಂಭವಾದದ್ದು 1994-95ರಲ್ಲಿ. ಸೆಪ್ಟೆಂಬರ್ 30ರ ಸ್ಥಿತಿಯನ್ನು ಮುಖ್ಯೋಪಾಧ್ಯಾಯರು ಮುದ್ರಿತ ನಮೂನೆಯಲ್ಲಿ ತುಂಬಿ ಕೊಡುತ್ತಿದ್ದರು. ಗಣಕಯಂತ್ರಕ್ಕೆ ಏರಿಸುವ ಹೊಣೆ ಮೇಲಿನ ಕಚೇರಿಯದು. 2012-13ರಲ್ಲಿ ಪ್ರೌಢಶಾಲೆಗಳ ಮಾಹಿತಿಯೂ ಸೇರಿ ಅದು ‘ಯು-ಡೈಸ್’ ಆಯಿತು. 2018-19ರಲ್ಲಿ ಬಂದ ‘ಯು-ಡೈಸ್ ಪ್ಲಸ್’ ದಾಖಲಾತಿಯನ್ನು ಆನ್‌ಲೈನ್‌ಗೆ ಒಯ್ದಿತು. 2022-23ರಿಂದ ಒಟ್ಟು ಸಂಖ್ಯೆ ಸಾಲದು, ಪ್ರತಿ ಮಗುವಿನ ವಿವರವನ್ನೂ ಪ್ರತ್ಯೇಕವಾಗಿ ತುಂಬಬೇಕು. ಕರ್ನಾಟಕದಲ್ಲಿ ರಾಜ್ಯದ್ದೇ ಆದ ‘ಸ್ಯಾಟ್ಸ್’ ತಂತ್ರಾಂಶವೂ ಇದೆ.

ತೊಡಕು ಎಲ್ಲಿದೆ?

2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿದ್ದನ್ನು ರಾಜ್ಯ ಮರೆತಿಲ್ಲ. ಸಂಪರ್ಕ ಸಿಗದ ಊರಿನ ಶಿಕ್ಷಕರು ಮಾಹಿತಿ ತುಂಬಲು ಪೇಟೆಗೆ ಹೋಗಬೇಕು. ಏಕೋಪಾಧ್ಯಾಯ ಶಾಲೆಯಾದರೆ ಅಂದು ಪಾಠಕ್ಕೆ ಸಂಚಕಾರ. ಅವಸರದಲ್ಲಿ ತುಂಬಿದ ಹೆಸರು ಆಧಾರ್‌ನಲ್ಲಿರುವ ಹೆಸರಿಗೆ ಹೊಂದದಿದ್ದರೆ ತಿದ್ದುಪಡಿಗಾಗಿ ಮತ್ತೊಂದು ಅಲೆದಾಟ.

ವಲಸೆ ಕುಟುಂಬಗಳ ಮಕ್ಕಳ ಪಾಡು ಇನ್ನೂ ಕಷ್ಟ. ಯಾದಗಿರಿ, ರಾಯಚೂರು ಕಡೆಯಿಂದ ಕೂಲಿಗಾಗಿ ಬೆಂಗಳೂರಿಗೆ ಬಂದ ದಂಪತಿಯ ಮಗು ಇಲ್ಲಿನ ಶಾಲೆಗೆ ಸೇರಿದೆಯೆನ್ನಿ. ಹಳೆಯ ಶಾಲೆಯು ದಾಖಲೆಯನ್ನು ‘ಡ್ರಾಪ್‌ಬಾಕ್ಸ್’ ಪಟ್ಟಿಗೆ ಬಿಡುಗಡೆ ಮಾಡಿದ ಮೇಲೆಯೇ ಹೊಸ ಶಾಲೆ ಅದನ್ನು ತನ್ನದಾಗಿಸಿಕೊಳ್ಳಬಹುದು. ಅಲ್ಲಿಯವರೆಗೆ ಮಗು ಕುಳಿತಿರುವುದು ಒಂದು ಶಾಲೆಯಲ್ಲಿ, ಲೆಕ್ಕಕ್ಕಿರುವುದು ಇನ್ನೊಂದರಲ್ಲಿ.

ಪರಿಹಾರವೇನು?

ಮೊದಲನೆಯದಾಗಿ, ಶಾಲೆಯ ದಾಖಲಾತಿ ಪುಸ್ತಕವೇ ಮೂಲವಾಗಬೇಕು. ವಿವರಗಳನ್ನು ಕಾಗದದಲ್ಲಿ ಬರೆದು, ಪೋಷಕರಿಗೆ ಓದಿ ಹೇಳಿ, ಒಪ್ಪಿಗೆ ಪಡೆದ ಬಳಿಕವೇ ಗಣಕಯಂತ್ರಕ್ಕೆ ಏರಿಸಬೇಕು. ಎರಡನೆಯದಾಗಿ, ಸಂಪರ್ಕವಿರುವ ಕ್ಲಸ್ಟರ್ ಕೇಂದ್ರದಲ್ಲಿ ನಿಗದಿತ ದಿನ ಈ ಕೆಲಸಕ್ಕೆಂದೇ ಒಬ್ಬರನ್ನು ನೇಮಿಸಿದರೆ ಶಿಕ್ಷಕರು ತರಗತಿಯಲ್ಲೇ ಉಳಿಯಬಹುದು. ಮೂರನೆಯದಾಗಿ, ಏರಿಸಿದ ಪಟ್ಟಿಯ ಮುದ್ರಿತ ಪ್ರತಿಯನ್ನು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಓದಬೇಕು. ಬಿಟ್ಟುಹೋದ ಮಗುವನ್ನು ತಂತ್ರಾಂಶ ಗುರುತಿಸಲಾರದು, ಊರಿನವರು ಗುರುತಿಸಬಲ್ಲರು.